ಕೂಗಿದರೆ ಹಿಮ ಕುಸಿಯುತ್ತದೆಯೇ? ಚಳಿಗಾಲದ ಹಿಮಾಲಯಕ್ಕೆ ಹೊರಡುವವರು ತಿಳಿದಿರಬೇಕಾದ್ದು

ಸಿನಿಮಾಗಳಲ್ಲಿ ಈ ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ. ಸುತ್ತ ಹಿಮ ಹೊದ್ದ ಬೆಟ್ಟಗಳು, ನಿಶ್ಶಬ್ದ. ಯಾರೋ ಒಬ್ಬ ಜೋರಾಗಿ ಕೂಗುತ್ತಾನೆ, ಇಲ್ಲವೇ ಬಂದೂಕು ಹಾರಿಸುತ್ತಾನೆ. ಮರುಕ್ಷಣ ಬೆಟ್ಟದ ತುದಿಯಿಂದ ಬಿಳಿ ಗೋಡೆಯೊಂದು ಉರುಳಿ ಬರುತ್ತದೆ. ಇದು ಎಷ್ಟು ಗಟ್ಟಿಯಾಗಿ ನಮ್ಮ ತಲೆಯಲ್ಲಿ ಕೂತಿದೆಯೆಂದರೆ, ಹಿಮಾಲಯಕ್ಕೆ ಹೋಗಿ ಬಂದವರೂ "ಅಲ್ಲಿ ಜೋರಾಗಿ ಮಾತಾಡಬಾರದಂತೆ" ಎನ್ನುವುದುಂಟು.

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಕೇದಾರಕಂಠಕ್ಕೋ ಬ್ರಹ್ಮತಾಲಕ್ಕೋ ಹೊರಡುವವರ ಸಂಖ್ಯೆ ಈಗ ಸಣ್ಣದೇನಲ್ಲ. ಅವರಲ್ಲಿ ಹೆಚ್ಚಿನವರು ಹಿಮವನ್ನು ನೋಡುವುದೇ ಅದು ಮೊದಲ ಸಲ. ಜೋರಾಗಿ ಕೂಗದಿದ್ದರೆ ಯಾರಿಗೂ ನಷ್ಟವಿಲ್ಲ ಬಿಡಿ. ಆದರೆ ಕೂಗದಿದ್ದರೆ ಸಾಕು ಎಂದು ನಂಬಿ, ಅಪಾಯ ನಿಜವಾಗಿ ಎಲ್ಲಿದೆಯೋ ಅಲ್ಲಿಗೇ ಸೆಲ್ಫಿ ತೆಗೆಯಲು ನಡೆದು ಹೋದರೆ? ಹಾಗಾಗಿ ಈ ಅಪಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಪದದ ವಿಚಾರ. ನಮ್ಮ ಪತ್ರಿಕೆಗಳಲ್ಲಿ 'ಹಿಮಪಾತ' ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಶಿಮ್ಲಾದಲ್ಲಿ ಹಿಮ ಬಿದ್ದು ಪ್ರವಾಸಿಗರು ಕುಣಿದರೂ ಹಿಮಪಾತ, ಸಿಯಾಚಿನ್‌ನಲ್ಲಿ ಹಿಮ ಜಾರಿ ಸೈನಿಕರು ಹೂತುಹೋದರೂ ಹಿಮಪಾತ. ಎರಡೂ ಬೇರೆ ಬೇರೆ. ಆಕಾಶದಿಂದ ಬೀಳುವುದನ್ನು ಇಲ್ಲಿ ಹಿಮಪಾತ ಎನ್ನುತ್ತೇವೆ. ಬಿದ್ದು ಕೂತ ಹಿಮ ಇಳಿಜಾರಿನಿಂದ ಕಳಚಿಕೊಂಡು ಜಾರುವುದನ್ನು ಹಿಮಕುಸಿತ ಎನ್ನುತ್ತೇವೆ.

ಸದ್ದಿಗೆ ಎಷ್ಟು ಶಕ್ತಿ?

ಸದ್ದು ಎಂದರೆ ಗಾಳಿಯಲ್ಲಿ ಹರಡುವ ಒತ್ತಡದ ಅಲೆ. ಒತ್ತಡವನ್ನು ಪಾಸ್ಕಲ್ ಎಂಬ ಮಾನದಲ್ಲಿ ಅಳೆಯಬಹುದು. ಹತ್ತಿರದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದರೆ ಸದ್ದಿನ ಮಟ್ಟ ಸುಮಾರು 100 ಡೆಸಿಬೆಲ್ ಎಂದುಕೊಳ್ಳಿ. ಅದರ ಒತ್ತಡ ಬರೀ 2 ಪಾಸ್ಕಲ್. ದೂರ ಹೋದಂತೆ ಅದೂ ಕರಗುತ್ತದೆ.

ಈಗ ಅದೇ ವ್ಯಕ್ತಿ ಬೆನ್ನಿಗೆ ಚೀಲ ಹಾಕಿಕೊಂಡು ಹಿಮದ ಮೇಲೆ ನಿಂತಿದ್ದಾನೆ. ಅವನ ತೂಕವೆಲ್ಲ ಎರಡು ಬೂಟುಗಳ ಅಡಿಯ ಮೂಲಕ ಹಿಮಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಬೂಟಿನ ಕೆಳಗಿನ ಒತ್ತಡ 10,000 ಪಾಸ್ಕಲ್ ದಾಟುತ್ತದೆ. ಅರ್ಧ ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದು ಹರಡಿ ತೆಳುವಾದರೂ ನೂರಾರು ಪಾಸ್ಕಲ್ ಉಳಿದಿರುತ್ತದೆ. ಅಂದರೆ ಬಾಯಿಗಿಂತ ಕಾಲೇ ಅಪಾಯಕಾರಿ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಪ್ರಶ್ನೆಯನ್ನೇ ಹಿಡಿದು ಲೆಕ್ಕ ಹಾಕಿ, ಮನುಷ್ಯನ ಕೂಗಿನಿಂದ ಹಿಮ ಕುಸಿಯುತ್ತದೆ ಎನ್ನುವುದು ಬರೀ ಕಟ್ಟುಕಥೆ ಎಂದಿದ್ದಾರೆ. ಶಬ್ದದ ವೇಗವನ್ನು ಮೀರಿ ಹಾರುವ ಯುದ್ಧವಿಮಾನದ ಸಿಡಿಲಿನಂಥ ಸದ್ದು ನೂರಾರು ಪಾಸ್ಕಲ್ ಮುಟ್ಟಬಹುದು. ಅದಕ್ಕೂ ಹಿಮ ಕುಸಿಯಲು ತಯಾರಾಗಿಯೇ ನಿಂತಿರಬೇಕು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಸ್ಫೋಟಕಗಳಿಂದ ಹಿಮ ಕುಸಿಯುವುದು ನಿಜ. ಆಲ್ಪ್ಸ್‌ನಲ್ಲೂ ಅಮೆರಿಕದಲ್ಲೂ ರಸ್ತೆ ಹಾಗೂ ಸ್ಕೀ ಮೈದಾನಗಳ ಮೇಲಿನ ಹಿಮವನ್ನು ಜನರಿಲ್ಲದ ಹೊತ್ತಿನಲ್ಲಿ ಸಿಡಿಮದ್ದು ಹಾಕಿ ಬೇಕೆಂದೇ ಬೀಳಿಸುತ್ತಾರೆ. ಅಲ್ಲಿ ಕೆಲಸ ಮಾಡುವುದು ಹಿಮಕ್ಕೆ ತಗಲುವ ಪೆಟ್ಟು. ನಮ್ಮ ಕಿವಿಗೆ ಬೀಳುವ ಸದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ ಎರಡೂ ಕಡೆಯ ಸೈನಿಕರು ಹಿಮದ ನಡುವೆಯೇ ಬೀಡುಬಿಟ್ಟಿದ್ದರು. 1916ರ ಡಿಸೆಂಬರ್ 13ರಂದು ಮರ್ಮೊಲಾಡ ಬೆಟ್ಟದ ಕೆಳಗಿನ ಆಸ್ಟ್ರಿಯಾ–ಹಂಗೇರಿ ಪಾಳೆಯದ ಮೇಲೆ ಹಿಮ ಕುಸಿದು 250ಕ್ಕೂ ಹೆಚ್ಚು ಮಂದಿ ಸತ್ತರು. ಆ ದಿನಕ್ಕೆ 'ಬಿಳಿ ಶುಕ್ರವಾರ' ಎಂಬ ಹೆಸರು ಬಿತ್ತು, ಅದು ಬುಧವಾರವಾಗಿದ್ದರೂ! ಯುದ್ಧ, ಫಿರಂಗಿ, ಹಿಮಕುಸಿತ ಇವೆಲ್ಲ ಜನರ ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ದಿನಗಟ್ಟಲೆ ಸುರಿದ ಭಾರೀ ಹಿಮ ಬೆಟ್ಟದ ಮೇಲೆ ಹೇರಿಕೊಂಡಿತ್ತು ಎಂಬುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ರಾಗಿಯ ಮೇಲಿಟ್ಟ ಹಲಗೆ

ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಲ್ಲ. ಅದು ಪದರ ಪದರವಾಗಿ ಕೂತಿರುತ್ತದೆ. ನವೆಂಬರಿನಲ್ಲಿ ಬಿದ್ದದ್ದು ತಳದಲ್ಲಿ, ಡಿಸೆಂಬರಿನದು ಅದರ ಮೇಲೆ, ನಡುವೆ ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರ, ಅದರ ಮೇಲೆ ಗಾಳಿ ತಂದು ಒತ್ತಿದ್ದು. ಈ ಪದರಗಳು ಒಂದಕ್ಕೊಂದು ಚೆನ್ನಾಗಿ ಅಂಟಿಕೊಂಡಿದ್ದರೆ ತೊಂದರೆಯಿಲ್ಲ. ನಡುವೆ ಎಲ್ಲೋ ಒಂದು ಪದರ ಸಡಿಲವಾಗಿದ್ದರೆ ಕಥೆ ಬದಲಾಗುತ್ತದೆ.

ಸಡಿಲ ಪದರ ಹುಟ್ಟುವ ಬಗೆ ವಿಚಿತ್ರವಾಗಿದೆ. ಹಿಮದ ಅಡಿಯ ನೆಲ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಿಮವೇ ಅದಕ್ಕೆ ಕಂಬಳಿ. ಮೇಲ್ಮೈ ಮಾತ್ರ ಚಳಿಗಾಲದ ರಾತ್ರಿಯಲ್ಲಿ ಮೈನಸ್ 20ಕ್ಕೆ ಇಳಿಯಬಹುದು. ಈ ವ್ಯತ್ಯಾಸದಿಂದ ಕೆಳಗಿನ ಹಿಮದ ನೀರಾವಿ ಮೇಲಕ್ಕೆ ಚಲಿಸುತ್ತದೆ, ಹೋಗುವ ದಾರಿಯಲ್ಲಿ ಮತ್ತೆ ಹರಳುಗಟ್ಟುತ್ತದೆ. ಹೀಗೆ ಹುಟ್ಟಿದ ಹರಳುಗಳು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗಿರುತ್ತವೆ, ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಲು ಹೋದರೆ ಉದುರುತ್ತವೆ. ಹಿಮ ಎರಡು ಮೀಟರ್ ದಪ್ಪವಿದ್ದರೆ ಈ 20 ಡಿಗ್ರಿ ವ್ಯತ್ಯಾಸ ಆ ಎರಡು ಮೀಟರಿನಲ್ಲಿ ಹಂಚಿಹೋಗುತ್ತದೆ. ಅರ್ಧ ಮೀಟರ್ ಮಾತ್ರ ಇದ್ದರೆ ಅಷ್ಟೂ ಆ ತೆಳು ಪದರದಲ್ಲೇ ಆಗಬೇಕು, ಆಗ ಸಕ್ಕರೆ ಹರಳುಗಳು ಬೇಗ ಬೆಳೆಯುತ್ತವೆ. ಹಾಗಾಗಿ "ಈ ವರ್ಷ ಹಿಮ ಕಡಿಮೆ, ಭಯವಿಲ್ಲ" ಎನ್ನುವುದು ಅವಸರದ ಮಾತು. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬಿದ್ದು ವಾರಗಟ್ಟಲೆ ಒಣ ಚಳಿಗೆ ಸಿಕ್ಕ ಹಿಮ, ಮುಂದೆ ಬೀಳುವ ಭಾರೀ ಹಿಮಕ್ಕೆ ಕೊಳೆತ ಅಡಿಪಾಯವಾಗುತ್ತದೆ.

ಇದನ್ನು ಮನೆಯಲ್ಲೇ ಊಹಿಸಿಕೊಳ್ಳಬಹುದು. ಓರೆಯಾದ ಕಲ್ಲಿನ ಮೇಲೆ ತೆಳುವಾಗಿ ರಾಗಿ ಹರಡಿ, ಅದರ ಮೇಲೆ ಒಂದು ಹಲಗೆ ಇಡಿ. ಹಲಗೆ ಸ್ವಲ್ಪ ಹೊತ್ತು ಅಲುಗದೆ ನಿಲ್ಲಬಹುದು. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ. ಜಾರುವುದು ಬೆರಳಿಟ್ಟ ಜಾಗ ಮಾತ್ರವಲ್ಲ, ಇಡೀ ಹಲಗೆ. ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಈ ಬಗೆಯವು. ಸಡಿಲ ಪದರದಲ್ಲಿ ಎದ್ದ ಬಿರುಕು ಕ್ಷಣದಲ್ಲಿ ಅಡ್ಡಕ್ಕೆ ಓಡುತ್ತದೆ, ಮೇಲಿನ ಗಟ್ಟಿ ಹಿಮ ಹಲಗೆಯಂತೆಯೇ ಕಳಚಿಕೊಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಯೂರೋಪ್ ಮತ್ತು ಉತ್ತರ ಅಮೆರಿಕದ ದಾಖಲೆಗಳ ಪ್ರಕಾರ, ಮೋಜಿಗೆ ಅಥವಾ ಆಟಕ್ಕೆ ಬೆಟ್ಟಕ್ಕೆ ಹೋಗಿ ಸತ್ತವರ ಪ್ರಕರಣಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಗುಂಪಿನವರು. ಬೆಟ್ಟ ತಾನಾಗಿ ಇವರ ಮೇಲೆ ಬಿದ್ದದ್ದು ಕಡಿಮೆ. ನಮ್ಮ ದೃಷ್ಟಿಯಲ್ಲಿ ಹಿಮಕುಸಿತದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದು. ಎಲ್ಲಿ ಕಾಲಿಡಬಾರದು ಎಂದು ಗೊತ್ತಿದ್ದರೆ ಇವುಗಳಲ್ಲಿ ಬಹುಪಾಲು ಸಾವುಗಳನ್ನು ತಪ್ಪಿಸಬಹುದಿತ್ತು ಎಂದಾಯಿತಲ್ಲ?

ಎಲ್ಲಿ ಕಾಲಿಡಬಾರದು ಎಂಬುದರಲ್ಲಿ ಮೊದಲ ಉತ್ತರ ಇಳಿಜಾರಿನದು. ಹಲಗೆಯಂಥ ಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ಹೆಚ್ಚು ನಿಲ್ಲುವುದಿಲ್ಲ, ಆಗಾಗ ಸ್ವಲ್ಪ ಸ್ವಲ್ಪವೇ ಉದುರುತ್ತಿರುತ್ತದೆ. ಇನ್ನು 30 ಡಿಗ್ರಿ ಎಂದರೆ ಎಷ್ಟು? ನಮ್ಮ ಮನೆಯ ಮೆಟ್ಟಿಲು 6 ಇಂಚು ಎತ್ತರ, 10 ಇಂಚು ಅಗಲ ಇದ್ದರೆ ಅದರ ಇಳಿಜಾರು 31 ಡಿಗ್ರಿ. ಅಂದರೆ ಭಯ ಹುಟ್ಟಿಸುವ ಪ್ರಪಾತವೇನಲ್ಲ, ಆಟವಾಡಲು ಕರೆಯುವಂಥ, ಫೋಟೊಗೆ ಚೆಂದ ಕಾಣುವಂಥ ಇಳಿಜಾರು. ಫೋನಿನಲ್ಲೇ ಇಳಿಜಾರು ಅಳೆಯುವ ಆ್ಯಪ್‌ಗಳಿವೆ, ಹಿಮದ ಮೇಲೆ ಊರುಗೋಲು ಮಲಗಿಸಿ ಅದರ ಮೇಲೆ ಫೋನ್ ಇಟ್ಟರೆ ಸಾಕು. ಆದರೆ ನಾವು ನಿಂತ ನೆಲ ಸಪಾಟಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ತಲೆಯ ಮೇಲೆ ಏನಿದೆ ಎಂದೂ ನೋಡಬೇಕು. ಎಷ್ಟೋ ಸಲ ಕುಸಿತದ ಬಾಯಿ ಬೆಟ್ಟದ ಮೇಲಿರುತ್ತದೆ, ಹೊಟ್ಟೆ ಕೆಳಗಿನ ಬಯಲಿನಲ್ಲಿರುತ್ತದೆ.

ಹಿಮ ಕೆಲವೊಮ್ಮೆ ತಾನೇ ಎಚ್ಚರಿಸುತ್ತದೆ. ನಡೆಯುವಾಗ ಕಾಲಡಿಯಲ್ಲಿ 'ಧುಂ' ಎಂದು ಏನೋ ಕುಗ್ಗಿದ ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಬಿರುಕು, ಪಕ್ಕದ ಬೆಟ್ಟದಲ್ಲಿ ಅಂದೇ ಆದ ಕುಸಿತ. ಇವುಗಳಲ್ಲಿ ಒಂದು ಕಂಡರೂ ಸಡಿಲ ಪದರ ಅಲ್ಲಿದೆ ಎಂದೇ ಅರ್ಥ. ನಿಜಕ್ಕೂ ಕಿವಿಗೊಡಬೇಕಾದ ಸದ್ದೆಂದರೆ ಈ 'ಧುಂ'.

ಆಕಾಶ ನೀಲಿಯಾದ ದಿನ

ಹಿಮ ಸುರಿಯುತ್ತಿರುವಾಗ ಹುಷಾರಾಗಿದ್ದು, ಬಿಸಿಲು ಬಂದಾಗ ಹೊರಡಬೇಕು ಎಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ಹಿಮಾಲಯದ ಚಳಿಗಾಲದಲ್ಲಿ ಮೋಡ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಒಂದರ ಹಿಂದೆ ಒಂದು ಬರುವ ಪಶ್ಚಿಮದ ವಾಯುಕ್ಷೋಭೆಗಳು. ಒಂದು ಹೋಗಿ ಇನ್ನೊಂದು ಬರುವ ನಡುವೆ ಎರಡು ಮೂರು ದಿನ ಆಕಾಶ ತೊಳೆದಿಟ್ಟಂತಿರುತ್ತದೆ. ಹೋಟೆಲಿನಲ್ಲಿ ಕೂತು ಬೇಸತ್ತವರೆಲ್ಲ ಹೊರಡುವುದು ಆಗಲೇ. ಹೊಸ ಹಿಮ ಕೆಳಗಿನ ಪದರಕ್ಕೆ ಇನ್ನೂ ಅಂಟಿಕೊಂಡಿರದ ದಿನವೂ ಅದೇ. ಹಿಮ ನಿಂತ ಮೊದಲ 24ರಿಂದ 48 ಗಂಟೆ ಹೆಚ್ಚಿನ ಜಾಗ್ರತೆ ಬೇಕೆಂದು ಪರ್ವತ ಬಲ್ಲವರು ಹೇಳುವುದು ಇದಕ್ಕಾಗಿ. ತಳದಲ್ಲಿ ಸಕ್ಕರೆ ಹರಳಿನ ಪದರವಿದ್ದರೆ ವಾರಗಳೇ ಬೇಕಾಗಬಹುದು.

ಆಕಾಶದಿಂದ ಒಂದು ಚೂರೂ ಹಿಮ ಬೀಳದೆಯೂ ಬೆಟ್ಟದ ಮೇಲೆ ಹಿಮ ಹೇರಿಕೊಳ್ಳುತ್ತದೆ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ. ಕಣದಲ್ಲಿ ತೂರುವಾಗ ಹೊಟ್ಟು ಗಾಳಿಯ ಮರೆಗೆ ಹೋಗಿ ಬೀಳುವುದಿಲ್ಲವೇ, ಹಾಗೆ. ಗಾಳಿ ಬೀಸುವ ಕಡೆಯ ಮಗ್ಗುಲು ಬೋಳಾಗಿ, ಮರೆಯ ಮಗ್ಗುಲಿನಲ್ಲಿ ಮೆತ್ತೆಯಂಥ ದಪ್ಪ ಹಿಮ ಕೂರುತ್ತದೆ. ನುಣ್ಣಗೆ, ದುಂಡಗೆ, ಯಾರೂ ತುಳಿಯದಂತೆ ಕಾಣುವ ಆ ಮಗ್ಗುಲೇ ಹೆಚ್ಚು ಅಪಾಯದ್ದು.

2022ರ ಅಕ್ಟೋಬರ್ 4ರ ಬೆಳಗ್ಗೆ ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದ ಹತ್ತಿರ ನಡೆದದ್ದನ್ನು ಇಲ್ಲಿ ನೆನೆಯಬೇಕು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಮುಂದುವರಿದ ತರಬೇತಿಯ ತಂಡ ಶಿಖರದತ್ತ ಹೊರಟಿತ್ತು. ಹಿಮ ಕುಸಿದು ತಂಡವನ್ನು ನೀರ್ಗಲ್ಲಿನ ಬಿರುಕಿನೊಳಕ್ಕೆ ತಳ್ಳಿತು. ಒಟ್ಟು 29 ಮಂದಿ ಹೋದರು. ಅವರಲ್ಲಿ ಕರ್ನಾಟಕದ ಇಬ್ಬರು ಶಿಬಿರಾರ್ಥಿಗಳಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ತರಬೇತುದಾರ್ತಿ ಸವಿತಾ ಕಂಸ್ವಾಲ್ ಕೂಡ ಇದ್ದರು. ಅಕ್ಟೋಬರ್ ಚಳಿಗಾಲವಲ್ಲ, ಅಲ್ಲಿದ್ದವರು ಅನನುಭವಿಗಳೂ ಅಲ್ಲ. ಎತ್ತರದಲ್ಲಿ ಹಿಮ ಕ್ಯಾಲೆಂಡರ್ ನೋಡುವುದಿಲ್ಲ, ಏರುವವರ ಪ್ರಮಾಣಪತ್ರವನ್ನೂ ನೋಡುವುದಿಲ್ಲ.

ಆರು ದಿನ ಮತ್ತು ಹತ್ತು ನಿಮಿಷ

ಹಿಮದಲ್ಲಿ ಹೂತವರ ವಿಷಯ ಬಂದಾಗ ಕನ್ನಡಿಗರಿಗೆ ನೆನಪಾಗುವ ಹೆಸರು ಒಂದೇ: ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರನೇ ದಿನ, ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಊರೂರುಗಳಲ್ಲಿ ದೇವಸ್ಥಾನ, ಮಸೀದಿ, ಚರ್ಚುಗಳಲ್ಲಿ ಜನ ಪ್ರಾರ್ಥಿಸಿದ್ದರು.

ಆ ನೆನಪನ್ನು ಗೌರವದಿಂದ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಆರು ದಿನದ ಕಥೆ ನಮ್ಮಲ್ಲಿ ತಪ್ಪು ಭರವಸೆಯನ್ನು ಬಿತ್ತಬಾರದು. ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು ದಶಕಗಳ ಪ್ರಕರಣಗಳನ್ನು ಲೆಕ್ಕ ಹಾಕಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ತಿ ಹೂತವರನ್ನು ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅದು ಹತ್ತರಲ್ಲಿ ಮೂವರಿಗೆ ಇಳಿಯುತ್ತದೆ. ಕೊಲ್ಲುವುದು ಚಳಿ ಎಂದು ನಾವೆಣಿಸುತ್ತೇವೆ. ಚಳಿಗೆ ಅಷ್ಟು ಸಮಯವೇ ಸಿಗುವುದಿಲ್ಲ. ಕೆಲವರನ್ನು ಬಂಡೆ, ಮರಗಳಿಗೆ ಬಡಿದ ಪೆಟ್ಟು ಕೊಲ್ಲುತ್ತದೆ, ಹೆಚ್ಚಿನವರು ಉಸಿರುಗಟ್ಟಿ ಸಾಯುತ್ತಾರೆ. ಬಾಯಿ ಮೂಗಿನ ಮುಂದಿನ ಹಿಮ ಉಸಿರಿನ ಬಿಸಿಗೆ ಕರಗಿ ಮತ್ತೆ ಗಟ್ಟಿಯಾಗಿ ಮುಖವಾಡದಂತೆ ಅಂಟಿಕೊಳ್ಳುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ.

ದಿನಗಟ್ಟಲೆ ಬದುಕಿದವರಿದ್ದರೆ ಅಲ್ಲಿ ಸಾಮಾನ್ಯವಾಗಿ ಗಾಳಿಗೆ ಜಾಗವಿರುತ್ತದೆ. ಹನುಮಂತಪ್ಪ ಇದ್ದ ಡೇರೆಯ ಅವಶೇಷದಲ್ಲಿ ಅಂಥ ಗಾಳಿಯ ಎಡೆ ಉಳಿದಿತ್ತು. 2025ರ ಫೆಬ್ರುವರಿ 28ರಂದು ಬದರೀನಾಥದ ಹತ್ತಿರದ ಮಾಣಾದಲ್ಲಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕ ಶಿಬಿರದ ಮೇಲೆ ಹಿಮ ಕುಸಿದಾಗ 54 ಮಂದಿ ಸಿಕ್ಕಿಕೊಂಡರು, 46 ಮಂದಿ ಬದುಕಿ ಬಂದರು, 8 ಮಂದಿ ಸತ್ತರು. ಅಷ್ಟು ಜನ ಉಳಿಯಲು ಒಂದು ಕಾರಣ ಅವರು ಮಲಗಿದ್ದ ಲೋಹದ ಕಂಟೇನರುಗಳು. ಬಯಲಿನಲ್ಲಿ ನಡೆಯುತ್ತಿರುವವನಿಗೆ ಈ ಪೆಟ್ಟಿಗೆ ಎಲ್ಲಿಂದ ಬರಬೇಕು?

ಹೂತವರಿಗೆ ಕೊಡುವ ಸಲಹೆಗಳಲ್ಲಿ ಒಂದು ಬಹಳ ಓಡಾಡುತ್ತದೆ: ಉಗುಳಿ ನೋಡಿ, ಉಗುಳು ಹರಿದ ದಿಕ್ಕೇ ಕೆಳಗೆ, ಅದರ ವಿರುದ್ಧ ಅಗೆಯಿರಿ. ಕೇಳಲು ಜಾಣತನದಂತಿದೆ. ಆದರೆ ಜಾರಿ ನಿಂತ ಹಿಮ ಹೊಸ ಹಿಮದಂತೆ ಹಗುರವಲ್ಲ, ಉಜ್ಜಾಟದಲ್ಲಿ ಒತ್ತಿಕೊಂಡು ಗಾರೆಯಂತೆ ಬಿಗಿಯುತ್ತದೆ. ಬೆರಳು ಅಲ್ಲಾಡಿಸಲಾಗದವನಿಗೆ ಮೇಲು ಯಾವುದು, ಕೆಳಗೆ ಯಾವುದು ಎಂದು ತಿಳಿದು ಏನಾಗಬೇಕು? ಹಿಮ ಇನ್ನೂ ಚಲಿಸುತ್ತಿರುವಾಗ ಬದಿಗೆ ಸರಿಯಲು ಹೆಣಗಾಡುವುದು, ನಿಲ್ಲುವ ಹೊತ್ತಿಗೆ ಮುಖದ ಮುಂದೆ ಕೈ ತಂದು ಉಸಿರಿಗೆ ಸ್ವಲ್ಪ ಎಡೆ ಮಾಡಿಕೊಳ್ಳುವುದು, ಇಷ್ಟೇ ಸಾಧ್ಯ.

ಮಿಕ್ಕದ್ದೆಲ್ಲ ಜೊತೆಗಿರುವವರ ಕೈಯಲ್ಲಿದೆ. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಅದಕ್ಕಾಗಿಯೇ ಹಿಮದ ಇಳಿಜಾರಿಗೆ ಹೋಗುವವರು ಮೂರು ವಸ್ತು ಒಯ್ಯುತ್ತಾರೆ: ಹೂತವರು ಎಲ್ಲಿದ್ದಾರೆಂದು ರೇಡಿಯೊ ಸಂಕೇತದಿಂದ ತೋರಿಸುವ ಪುಟ್ಟ ಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಉದ್ದ ಮಡಚು ಕೋಲು, ಒಂದು ಸಲಿಕೆ. ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಿ ರೂಢಿಯಿರಬೇಕು. ಇದಲ್ಲದೆ ಎಳೆದಾಗ ಉಬ್ಬುವ ಗಾಳಿಚೀಲವೂ ಇದೆ. ಚೌಚೌ ಡಬ್ಬಿಯನ್ನು ಕುಲುಕಿದರೆ ದೊಡ್ಡ ಚೂರುಗಳು ಮೇಲೆ, ಪುಡಿ ಕೆಳಗೆ ಹೋಗುತ್ತದಲ್ಲ, ಅದೇ ತತ್ವದಲ್ಲಿ ಮನುಷ್ಯನನ್ನು 'ದೊಡ್ಡ ಚೂರು' ಮಾಡಿ ಹಿಮದ ಮೇಲ್ಭಾಗದಲ್ಲಿ ಉಳಿಸಲು ಅದು ಯತ್ನಿಸುತ್ತದೆ. ನಮ್ಮ ಸಾಮಾನ್ಯ ಟ್ರೆಕ್ ಗುಂಪುಗಳ ಚೀಲಗಳಲ್ಲಿ ಇವು ಕಾಣುವುದು ಅಪರೂಪ. ಬ್ರಾಂಡಿ ಸೀಸೆ ಮಾತ್ರ ಕಾಣುತ್ತದೆ! ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಡುತ್ತದೆ. ನಿಜದಲ್ಲಿ ದೇಹದೊಳಗಿನ ಶಾಖ ಹೊರಕ್ಕೆ ಸೋರುತ್ತದೆ.

ರಜೆ ಮುಗಿಯುತ್ತಿದೆ ಎಂಬ ಒತ್ತಡ

ಅಮೆರಿಕದ ಸಂಶೋಧಕ ಇಯಾನ್ ಮೆಕ್ಯಾಮನ್ ಅಲ್ಲಿನ 700ಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದಾಗ, ಅಪಾಯದ ಗುರುತುಗಳು ಕಣ್ಣೆದುರೇ ಇದ್ದರೂ ಜನ ಮುಂದೆ ಹೋಗಿದ್ದು ಕಂಡುಬಂತು. ಹಾದಿ ಪರಿಚಿತವೆಂದು, ಮುಂದೆ ಹೋದವರ ಹೆಜ್ಜೆಗುರುತು ಇದೆಯೆಂದು, ಗುಂಪಿನಲ್ಲಿ ಗಟ್ಟಿಗನೊಬ್ಬ ಇದ್ದಾನೆಂದು, ಗುರಿ ಮುಟ್ಟಲೇಬೇಕೆಂದು. ಹತ್ತು ಜನ ದಾಟಿದ ಇಳಿಜಾರು ಹನ್ನೊಂದನೆಯವನ ಕಾಲಿಗೆ ಕುಸಿಯಬಹುದು. ಹಲಗೆಯ ಯಾವ ಮೂಲೆ ತೆಳುವಾಗಿದೆಯೋ ಅದರ ಮೇಲೆ ಆತ ಕಾಲಿಟ್ಟಿರುತ್ತಾನೆ, ಅಷ್ಟೆ. ಬೆಂಗಳೂರಿನಿಂದ ಹೋದವರಿಗೆ ಇನ್ನೊಂದು ಒತ್ತಡವಿದೆ. ರಜೆ ಐದೇ ದಿನ, ವಿಮಾನದ ಟಿಕೆಟ್ ಮೊದಲೇ ಆಗಿದೆ, ಹಣ ಕಟ್ಟಿಯಾಗಿದೆ. ಹಿಮಕ್ಕೆ ಇದೊಂದೂ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನಾ ಸಂಸ್ಥೆಯ ಅಡಿಯಲ್ಲಿ ಚಂಡೀಗಢದಲ್ಲಿರುವ ಡಿಜಿಆರ್‌ಇ. ಜಗತ್ತಿನ ಹಲವೆಡೆ ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳುತ್ತಾರೆ. 3 ಎಂದರೆ ಐದರಲ್ಲಿ ಮೂರು, ನಡುಮಧ್ಯೆ, ಪರವಾಗಿಲ್ಲ ಎಂದು ನಾವು ಪರೀಕ್ಷೆಯ ಅಂಕದಂತೆ ಓದಿಕೊಳ್ಳುತ್ತೇವೆ. ಆದರೆ ಆಲ್ಪ್ಸ್‌ನಲ್ಲಿ ಬಹಳಷ್ಟು ಸಾವುಗಳಾಗುವುದು ಈ 3ನೇ ಮಟ್ಟದ ದಿನಗಳಲ್ಲಿ. 5 ಎಂದಾಗ ಎಲ್ಲರೂ ಮನೆಯಲ್ಲಿರುತ್ತಾರೆ, 3 ಎಂದಾಗ ಹೊರಡುತ್ತಾರೆ.

ಕೇದಾರಕಂಠದಂಥ ಹಾದಿಯ ಬಹುಭಾಗ ಕಾಡಿನೊಳಗೆ, ಹಾಗೂ ಸೌಮ್ಯ ಇಳಿಜಾರಿನಲ್ಲಿ ಇರುವುದರಿಂದ ಪ್ರತಿ ಹೆಜ್ಜೆಗೂ ಹೆದರಬೇಕಿಲ್ಲ. ಆದರೆ ಹಣ ಕಟ್ಟುವ ಮೊದಲು ಟ್ರೆಕ್ ನಡೆಸುವವರನ್ನು ಕೆಲವು ಪ್ರಶ್ನೆ ಕೇಳಬಹುದು. ಹಾದಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಇಳಿಜಾರು ಎಲ್ಲಿದೆ, ಅಲ್ಲಿ ಒಬ್ಬೊಬ್ಬರನ್ನೇ ದಾಟಿಸುತ್ತೀರಾ? ಡೇರೆ ಹಾಕುವ ಜಾಗದ ಮೇಲ್ಗಡೆ ಏನಿದೆ? ಮುನ್ಸೂಚನೆಯನ್ನು ದಿನಾ ನೋಡುವವರು ಯಾರು? ಸಲಿಕೆ ಎಷ್ಟಿವೆ? ಕೊನೆಗೆ, ಹೋದ ಚಳಿಗಾಲದಲ್ಲಿ ಎಷ್ಟು ತಂಡಗಳನ್ನು ಶಿಖರ ಮುಟ್ಟಿಸದೆ ಅರ್ಧದಿಂದ ವಾಪಸ್ ಕರೆತಂದಿರಿ? "ಒಂದೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದರೆ, ಬೇರೆಯವರನ್ನು ವಿಚಾರಿಸಿ.